ಕ್ರ್ಯಾಂಕ್ ಪುಲ್ಲಿ ಬದಲಿಸಬೇಕೇ? ಓದುಗರ ಪ್ರಶ್ನೆಗಳಿಗೆ ಉತ್ತರ

ಎಂಜಿನ್ನಿನ ಮುಂತುದಿಯಲ್ಲಿ, ಕ್ರ್ಯಾಂಕ್‌ಶಾಫ್ಟಿಗೆ (ಪಿಸ್ಟನ್ನುಗಳು ತಿರುಗಿಸುವ ಮುಖ್ಯ ದಂಡಕ್ಕೆ) ಒಂದೇ ಒಂದು ದಪ್ಪ ಬೋಲ್ಟಿನಿಂದ ಬಿಗಿದಿದ್ದು, ಬೆಲ್ಟಿನ ಮೂಲಕ ಆಲ್ಟರ್ನೇಟರ್, ಎ.ಸಿ. ಮುಂತಾದವನ್ನು ತಿರುಗಿಸುವ ಪುಲ್ಲಿಯ ಬಗ್ಗೆ ಈ ತಿಂಗಳು ಹಲವು ಪತ್ರಗಳು ಬಂದಿವೆ. ಕೆಲವರಿಗೆ ಹಗುರವಾದ ಪುಲ್ಲಿ ಹಾಕಿಸಿ ಶಕ್ತಿ ಹೆಚ್ಚಿಸಿಕೊಳ್ಳುವ ಆಸೆ, ಇನ್ನು ಕೆಲವರಿಗೆ ಹಳೆಯದು ಹಾಳಾಗಿ ಹೊಸದನ್ನು ಕೊಳ್ಳುವ ಅನಿವಾರ್ಯ. ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನದು 1.2 ಲೀಟರಿನ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಈಗಿರುವ ಪುಲ್ಲಿ ಸುಮಾರು 2.4 ಕಿಲೋ ತೂಗುತ್ತದೆ. ಅದೇ ವ್ಯಾಸದ ಅಲ್ಯೂಮಿನಿಯಂ ಪುಲ್ಲಿ 700 ಗ್ರಾಂ ಮಾತ್ರ. ಇದನ್ನು ಹಾಕಿಸಿದರೆ ಐದರಿಂದ ಎಂಟು ಅಶ್ವಶಕ್ತಿ ಹೆಚ್ಚುತ್ತದೆ ಎಂದು ಹೇಳಿ ಅಂಗಡಿಯವರು ಡೈನೋ (ಕಾರಿನ ಶಕ್ತಿ ಅಳೆಯುವ ಯಂತ್ರ) ನಕ್ಷೆಯನ್ನೂ ತೋರಿಸಿದರು. ನಂಬಬಹುದೇ?
ಓದುಗರು, ಮೈಸೂರು

ಉತ್ತರ: ನಂಬಬೇಕಾಗಿಲ್ಲ. ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ತಿರುಗುವ ವಸ್ತುವಿನ ವೇಗ ಹೆಚ್ಚಿಸುವುದು ಎಷ್ಟು ಕಷ್ಟ ಎಂಬುದನ್ನು ಅದರ ತೂಕವೊಂದೇ ನಿರ್ಧರಿಸುವುದಿಲ್ಲ; ಆ ತೂಕ ಕೇಂದ್ರದಿಂದ ಎಷ್ಟು ದೂರದಲ್ಲಿದೆ ಎಂಬುದೂ ಮುಖ್ಯ. 15 ಸೆಂಟಿಮೀಟರ್ ವ್ಯಾಸದ ಪುಲ್ಲಿಯಿಂದ 1.7 ಕಿಲೋ ತೆಗೆದರೆ ಕಡಿಮೆಯಾಗುವ ಜಡತ್ವ ಸುಮಾರು 0.005 ಕಿಲೋ-ಚದರ ಮೀಟರ್. ನಿಮ್ಮ ಕಾರಿನ ಮೊದಲ ಗೇರಿನ ಅನುಪಾತ 3.5, ಫೈನಲ್ ಡ್ರೈವ್ 4.1, ಚಕ್ರದ ತ್ರಿಜ್ಯ 29 ಸೆಂಟಿಮೀಟರ್ ಎಂದು ಹಿಡಿದರೆ, ಮೊದಲ ಗೇರಿನಲ್ಲಿ ಈ ಉಳಿತಾಯವು ಕಾರಿನಿಂದ ಸುಮಾರು 12 ಕಿಲೋ ಸಾಮಾನು ಇಳಿಸಿದ್ದಕ್ಕೆ ಸಮ. ಮೂರನೇ ಗೇರಿಗೆ ಬರುವಷ್ಟರಲ್ಲಿ ಅದು ಎರಡು ಕಿಲೋಗಿಂತ ಕಡಿಮೆಯಾಗುತ್ತದೆ, ಐದನೇ ಗೇರಿನಲ್ಲಿ ಮುಕ್ಕಾಲು ಕಿಲೋ ಕೂಡ ಇರುವುದಿಲ್ಲ. ವೇಗ ಬದಲಾಗದೆ ಹೆದ್ದಾರಿಯಲ್ಲಿ ಒಂದೇ ಸಮನೆ ಓಡುತ್ತಿರುವಾಗ ಲಾಭ ಪೂರ್ತಿ ಸೊನ್ನೆ, ಏಕೆಂದರೆ ಜಡತ್ವವು ವೇಗದ ಬದಲಾವಣೆಯನ್ನು ಮಾತ್ರ ವಿರೋಧಿಸುತ್ತದೆ.

ಡೈನೋ ನಕ್ಷೆಯ ವಿಚಾರಕ್ಕೆ ಬರೋಣ. ರೋಲರ್ ಮೇಲೆ ಕಾರನ್ನು ಓಡಿಸಿ ಅಳೆಯುವಾಗ ಎಂಜಿನ್ನಿನ ವೇಗ ಏರುತ್ತಲೇ ಇರುತ್ತದೆ. ಹಾಗಾಗಿ ಪುಲ್ಲಿಯನ್ನು ತಿರುಗಿಸುವುದಕ್ಕೆ ಹೋಗುತ್ತಿದ್ದ ಶಕ್ತಿಯಲ್ಲಿ ಉಳಿದದ್ದು ಅಳತೆಯಲ್ಲಿ ಕಾಣುವುದು ನಿಜ. ಆದರೆ ಎಷ್ಟು? ಎಂಜಿನ್ ಪ್ರತಿ ಸೆಕೆಂಡಿಗೆ 500 ಸುತ್ತುಗಳಷ್ಟು ಏರುತ್ತಾ 6000 ಸುತ್ತನ್ನು ಮುಟ್ಟಿದೆ (ಇಲ್ಲಿಯೂ ಮುಂದೆಯೂ ವೇಗದ ಸುತ್ತುಗಳೆಲ್ಲ ನಿಮಿಷಕ್ಕೆ ಇಷ್ಟು ಎಂಬ ಲೆಕ್ಕದವು) ಎಂದುಕೊಂಡರೆ ಆ ಕ್ಷಣದ ಉಳಿತಾಯ ಸುಮಾರು 160 ವ್ಯಾಟ್, ಅಂದರೆ ಅಶ್ವಶಕ್ತಿಯ ಐದನೇ ಒಂದು ಭಾಗ. ಎಂಜಿನ್ನಿನ ಬಿಸಿ, ಗಾಳಿಯ ಉಷ್ಣತೆ, ಟೈರಿನ ಒತ್ತಡ ಇವುಗಳಲ್ಲಿ ಸ್ವಲ್ಪ ವ್ಯತ್ಯಾಸವಾದರೂ ಒಂದೇ ಕಾರು ಒಂದೇ ಮಧ್ಯಾಹ್ನ ಒಂದೆರಡು ಪ್ರತಿಶತ ಬೇರೆಬೇರೆ ಅಂಕಿ ತೋರಿಸುತ್ತದೆ. 85 ಅಶ್ವಶಕ್ತಿಯ ಕಾರಿನಲ್ಲಿ ಆ ಒಂದೆರಡು ಪ್ರತಿಶತವೇ ಪುಲ್ಲಿಯ ನಿಜವಾದ ಲಾಭಕ್ಕಿಂತ ಹಲವು ಪಟ್ಟು ದೊಡ್ಡದು. ನಿಮಗೆ ತೋರಿಸಿದ ನಕ್ಷೆಯಲ್ಲಿ ಐದು ಅಶ್ವಶಕ್ತಿ ಹೆಚ್ಚು ಕಂಡಿದ್ದರೆ ಅದರ ಬಹುಪಾಲನ್ನು ಬೇರೆ ಕಾರಣಗಳಲ್ಲಿ ಹುಡುಕಬೇಕು. ಎರಡು ಓಟಗಳ ನಡುವೆ ಎಂಜಿನ್ ಎಷ್ಟು ಹೊತ್ತು ತಣಿದಿತ್ತು, ಪುಲ್ಲಿಯ ಜೊತೆ ಹೊಸ ಬೆಲ್ಟನ್ನೋ ಫಿಲ್ಟರನ್ನೋ ಹಾಕಲಾಗಿತ್ತೇ, ಹಳೆಯ ಪುಲ್ಲಿಯನ್ನು ಮರಳಿ ಜೋಡಿಸಿ ಮೂರನೇ ಬಾರಿ ಅಳೆದು ನೋಡಿದ್ದಾರೆಯೇ, ಇಷ್ಟನ್ನು ವಿಚಾರಿಸಿ.

ಮೊದಲ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ತುಸು ಚುರುಕಾಗಿ ಏರುತ್ತದೆ ಎಂಬ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ನ್ಯೂಟ್ರಲ್‌ನಲ್ಲಿ ಅದು ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ. ಅಷ್ಟು ಸಿಕ್ಕರೆ ಸಾಕು ಎನ್ನುವವರು ಮುಂದಿನ ಉತ್ತರವನ್ನು ಓದಿದ ಮೇಲೆಯೇ ನಿರ್ಧರಿಸಲಿ. ಅಂಗಡಿಯವರ ಲೆಕ್ಕದಲ್ಲಿ ಅನಗತ್ಯ ಭಾರವಾಗಿ ಕಾಣುವ ಆ 1.7 ಕಿಲೋ ಕೆಲಸವಿಲ್ಲದೆ ಅಲ್ಲಿ ಕುಳಿತಿರಲಿಲ್ಲ.

ಪ್ರಶ್ನೆ: ನಾನು ಹಳೆಯ ಸುಬಾರು ಡಬ್ಲ್ಯೂಆರ್‌ಎಕ್ಸ್ ಇಟ್ಟುಕೊಂಡಿದ್ದೇನೆ, ಇಜೆ ಸರಣಿಯ ಟರ್ಬೊ ಎಂಜಿನ್. ಮೂಲ ಪುಲ್ಲಿಯ ನಡುವೆ ರಬ್ಬರಿನ ಪದರವಿದೆ. ಬಾಕ್ಸರ್ ಎಂಜಿನ್ನಿನ ಕ್ರ್ಯಾಂಕ್ ಗಿಡ್ಡ, ಅದಕ್ಕೆ ಡ್ಯಾಂಪರ್ (ಕಂಪನ ತಗ್ಗಿಸುವ ಭಾಗ) ಬೇಕಿಲ್ಲ, ರಬ್ಬರ್ ಇರುವುದು ಸದ್ದು ಕಡಿಮೆ ಮಾಡುವುದಕ್ಕೆ ಮಾತ್ರ ಎಂದು ಹಗುರ ಪುಲ್ಲಿ ಮಾರುವವರು ಹೇಳುತ್ತಾರೆ. ತಮ್ಮ ಪುಲ್ಲಿ ಕಂಪ್ಯೂಟರಿನಲ್ಲಿ ಬ್ಯಾಲೆನ್ಸ್ ಮಾಡಿದ್ದು ಎಂಬ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಹಳೆಯ 5.0 ಲೀಟರ್ ಮಸ್ಟಾಂಗ್ ಇರುವ ನನ್ನ ಗೆಳೆಯರಿಗೂ ಇದೇ ಪ್ರಶ್ನೆ.
ಓದುಗರು, ಡಲ್ಲಾಸ್

ಉತ್ತರ: ಬ್ಯಾಲೆನ್ಸ್ ಮಾಡಿರುವುದಕ್ಕೂ ಡ್ಯಾಂಪರ್ ಕೆಲಸಕ್ಕೂ ಸಂಬಂಧವಿಲ್ಲ. ಅದನ್ನು ಮೊದಲು ತಿಳಿಯಾಗಿಸಿ ಉಳಿದದ್ದಕ್ಕೆ ಹೋಗುತ್ತೇನೆ. ಪುಲ್ಲಿಯ ಭಾರ ಎಲ್ಲ ಕಡೆ ಸಮನಾಗಿದ್ದು, ತಿರುಗುವಾಗ ಅದು ಅತ್ತಿತ್ತ ಎಳೆಯದಿದ್ದರೆ ಅದು ಬ್ಯಾಲೆನ್ಸ್ ಆಗಿದೆ ಎಂದರ್ಥ. ಡ್ಯಾಂಪರ್ ತಡೆಯಬೇಕಾದದ್ದು ಬೇರೆಯೇ ಚಲನೆಯನ್ನು. ಸಿಲಿಂಡರಿನಲ್ಲಿ ಇಂಧನ ಉರಿದಾಗಲೆಲ್ಲ ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹೊಡೆದಂತೆ ತಳ್ಳುತ್ತದೆ. ಹಿಂತುದಿಯಲ್ಲಿ ಭಾರವಾದ ಫ್ಲೈವೀಲ್ ಇರುವುದರಿಂದ ಆ ತುದಿ ಸುಲಭಕ್ಕೆ ಅಲುಗುವುದಿಲ್ಲ. ಮುಂತುದಿ ಮಾತ್ರ ಒಂದು ಡಿಗ್ರಿಯ ಸಣ್ಣ ಭಾಗದಷ್ಟು ಮುಂದಕ್ಕೆ ತಿರುಚಿಕೊಂಡು ಮತ್ತೆ ಹಿಂದಕ್ಕೆ ಬರುತ್ತದೆ. ಕಣ್ಣಿಗೆ ಕಾಣದ ಈ ತಿರುಚುವಿಕೆಗೆ, ಯಾವುದೇ ಉಕ್ಕಿನ ಸರಳಿಗೆ ಇರುವಂತೆ, ತನ್ನದೇ ಆದ ಸಹಜ ಆವೃತ್ತಿ ಇರುತ್ತದೆ. ಸಿಲಿಂಡರುಗಳ ಹೊಡೆತಗಳು ಆ ಆವೃತ್ತಿಗೆ ತಾಳೆಯಾಗುವ ವೇಗದಲ್ಲಿ ಬಿದ್ದರೆ, ಸರಿಯಾದ ಕ್ಷಣದಲ್ಲಿ ತಳ್ಳಿದ ಜೋಕಾಲಿಯಂತೆ, ತಿರುಚುವಿಕೆ ಏರುತ್ತಾ ಹೋಗುತ್ತದೆ. ಇದನ್ನೇ ಅನುರಣನೆ ಎನ್ನುತ್ತಾರೆ.

ಉದಾಹರಣೆಗೆ ಆರು ಸಿಲಿಂಡರಿನ ಒಂದು ಎಂಜಿನ್ನಿನ ಕ್ರ್ಯಾಂಕಿಗೆ 300 ಹರ್ಟ್ಸ್ ಸಹಜ ಆವೃತ್ತಿ ಇದೆ ಎಂದುಕೊಳ್ಳೋಣ. ಒಂದು ಸುತ್ತಿಗೆ ಮೂರು ಹೊಡೆತಗಳಂತೆ ಅದು 6000 ಸುತ್ತಿನಲ್ಲಿ ತಾಳೆಯಾಗುತ್ತದೆ. ಹೊಡೆತಗಳು ಶುದ್ಧ ಅಲೆಗಳಲ್ಲದ ಕಾರಣ ಅವುಗಳೊಳಗೆ ಹೆಚ್ಚಿನ ಆವೃತ್ತಿಯ ಅಂಶಗಳೂ ಇರುತ್ತವೆ. ಹಾಗಾಗಿ 4000 ಸುತ್ತಿನಲ್ಲೂ 3000 ಸುತ್ತಿನಲ್ಲೂ ಸಣ್ಣ ಪ್ರಮಾಣದಲ್ಲಿ ಅದೇ ಅನುರಣನೆ ಕಾಣಿಸಿಕೊಳ್ಳುತ್ತದೆ. ಕೆಂಪು ಗೆರೆಯ ತನಕ ಎಂಜಿನ್ ಏರಿಸದವರಿಗೂ ಇದರಿಂದ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸೆಕೆಂಡಿಗೆ 300 ಬಾರಿ ಎಂದರೆ ಗಂಟೆಗೆ 10 ಲಕ್ಷ 80 ಸಾವಿರ ಬಾರಿ. ಲೋಹದ ದಣಿವಿನ ಪರೀಕ್ಷೆಗಳಲ್ಲಿ ಉಕ್ಕಿನ ತಾಳಿಕೆಯನ್ನು ಸಾಮಾನ್ಯವಾಗಿ ಒಂದು ಕೋಟಿ ಆವರ್ತನಗಳ ತನಕ ನೋಡುತ್ತಾರೆ. ಅನುರಣನೆಯ ವೇಗದಲ್ಲಿ ಹತ್ತು ಗಂಟೆಯೊಳಗೆ ಕ್ರ್ಯಾಂಕ್ ಅಷ್ಟು ಆವರ್ತನಗಳನ್ನು ದಾಟಿಬಿಡುತ್ತದೆ. ಒತ್ತಡ ಆ ಉಕ್ಕಿನ ಮಿತಿಯೊಳಗಿದ್ದರೆ ಏನೂ ಆಗುವುದಿಲ್ಲ. ಮಿತಿ ಮೀರಿದರೆ ಕ್ರ್ಯಾಂಕ್‌ಪಿನ್ನಿನ ಮೂಲೆಯಲ್ಲೋ ಎಣ್ಣೆಯ ರಂಧ್ರದ ಅಂಚಿನಲ್ಲೋ ಕೂದಲಿನಂಥ ಬಿರುಕು ಹುಟ್ಟಿ, ಶಾಫ್ಟಿನ ಅಕ್ಷಕ್ಕೆ 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಹಬ್ಬುತ್ತದೆ. ಮುರಿದ ಕ್ರ್ಯಾಂಕನ್ನು ಪರಿಶೀಲಿಸುವವರು ತಿರುಚಿನಿಂದ ಮುರಿದದ್ದನ್ನು ಗುರುತಿಸುವುದೇ ಈ ಓರೆ ಬಿರುಕಿನಿಂದ.

ಮೋಟಾರು ಕಾರಿನ ಲೋಕ ಈ ಪಾಠವನ್ನು ಕಲಿತು ನೂರು ವರ್ಷ ದಾಟಿದೆ. 20ನೆಯ ಶತಮಾನದ ಆರಂಭದಲ್ಲಿ ತಯಾರಕರು ನಾಲ್ಕರಿಂದ ಆರು ಸಿಲಿಂಡರಿಗೆ ಹೋದಾಗ, ಉದ್ದವಾದ ಸಣಕಲು ಕ್ರ್ಯಾಂಕುಗಳು ಮುರಿಯತೊಡಗಿದವು. ಬ್ರಿಟನ್ನಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1910ರಲ್ಲಿ ಪೇಟೆಂಟ್ ಪಡೆದ ಡ್ಯಾಂಪರ್ ಇದಕ್ಕೆ ಪರಿಹಾರವಾಗಿ ಬಂದದ್ದು, ಇಂದಿಗೂ ಅವರ ಹೆಸರಿನಲ್ಲೇ ಅದನ್ನು ಗುರುತಿಸಲಾಗುತ್ತದೆ. ಕ್ರ್ಯಾಂಕಿನ ತುದಿಗೆ ಸಡಿಲವಾಗಿ ಜೋಡಿಸಿದ ಭಾರವೊಂದು ತನ್ನ ಜಡತ್ವದಿಂದ ಒಂದೇ ಸಮನೆ ತಿರುಗಲು ನೋಡುತ್ತದೆ. ಅದಕ್ಕೂ ಅತ್ತಿತ್ತ ತಿರುಚಿಕೊಳ್ಳುವ ಶಾಫ್ಟಿಗೂ ನಡುವೆ ಆಗುವ ಘರ್ಷಣೆಯು ಕಂಪನದ ಶಕ್ತಿಯನ್ನು ಶಾಖವಾಗಿ ಹೊರಹಾಕುತ್ತದೆ. ನಿಮ್ಮ ಪುಲ್ಲಿಯ ರಬ್ಬರ್ ಪದರ ಮತ್ತು ಅದರ ಹೊರಗಿನ ಉಕ್ಕಿನ ಬಳೆ ಮಾಡುವ ಕೆಲಸ ಇದೇ. ರಬ್ಬರಿನ ಗಡಸು, ಅಗಲ ಮತ್ತು ಬಳೆಯ ಭಾರವನ್ನು ಆಯಾ ಎಂಜಿನ್ನಿನ ಆವೃತ್ತಿಗೆ ಹೊಂದಿಸಿ ತಯಾರಿಸಿರುತ್ತಾರೆ.

ಮಾರಾಟಗಾರರ ಮಾತಿನಲ್ಲಿ ಸತ್ಯದ ಒಂದಂಶ ಇದೆ, ಅದನ್ನು ಒಪ್ಪಿಕೊಳ್ಳಬೇಕು. ಎದುರುಬದುರು ಸಿಲಿಂಡರುಗಳಿರುವ ನಿಮ್ಮ ಎಂಜಿನ್ನಿನ ಕ್ರ್ಯಾಂಕ್ ನಿಜಕ್ಕೂ ಗಿಡ್ಡ, ಅದಕ್ಕೆ ಐದು ಮುಖ್ಯ ಬೇರಿಂಗುಗಳ ಆಸರೆ ಇದೆ. ಗಿಡ್ಡ ಶಾಫ್ಟ್ ಬಿಗಿಯಾಗಿರುವುದರಿಂದ ಅದರ ಸಹಜ ಆವೃತ್ತಿ ಮೇಲಕ್ಕೆ ಹೋಗುತ್ತದೆ, ತೀವ್ರವಾದ ಅನುರಣನೆ ಓಡಾಟದ ವೇಗದ ಆಚೆಗೆ ಸರಿಯುತ್ತದೆ. ಸಣ್ಣ ಎಂಜಿನ್ನುಗಳಲ್ಲಿ ಕೆಲವಕ್ಕೆ ತಯಾರಕರೇ ರಬ್ಬರಿಲ್ಲದ ಗಟ್ಟಿ ಪುಲ್ಲಿ ಕೊಡುವುದುಂಟು. ಅಂಥ ಎಂಜಿನ್ನಿನಲ್ಲಿ ಹಗುರ ಪುಲ್ಲಿಯಿಂದ ಕ್ರ್ಯಾಂಕಿಗೆ ದೊಡ್ಡ ಅಪಾಯವಿಲ್ಲ. ಹಗುರ ಪುಲ್ಲಿಯೊಂದಿಗೆ ವರ್ಷಗಟ್ಟಲೆ ಓಡಿದ ಸುಬಾರುಗಳೂ ಇವೆ. ಆದರೆ ಓಡಿದ ಕಾರುಗಳ ಲೆಕ್ಕವಷ್ಟೇ ನಮ್ಮ ಕಿವಿಗೆ ಬೀಳುತ್ತದೆ. ಬೇರಿಂಗ್ ಹಾಳಾಗಿ ನಿಂತ ಎಂಜಿನ್ನನ್ನು ಬಿಚ್ಚಿದಾಗ, ಅದಕ್ಕೆ ಎಣ್ಣೆ ಕಾರಣವೋ, ಹೆಚ್ಚಿಸಿದ ಬೂಸ್ಟ್ (ಟರ್ಬೊ ಒತ್ತಡ) ಕಾರಣವೋ, ಪುಲ್ಲಿ ಕಾರಣವೋ ಎಂದು ಬೇರ್ಪಡಿಸಿ ಹೇಳುವುದು ಬಹುತೇಕ ಅಸಾಧ್ಯ.

ಕ್ರ್ಯಾಂಕ್ ಮುರಿಯುವುದಕ್ಕೂ ಮೊದಲೇ ಕೆಡುವ ಭಾಗಗಳಿವೆ ಎಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ತಿರುಚುವಿಕೆ ಅತಿ ಹೆಚ್ಚಾಗಿರುವುದು ಮುಂತುದಿಯಲ್ಲಿ. ನಿಮ್ಮ ಎಂಜಿನ್ನಿನಲ್ಲಿ ಟೈಮಿಂಗ್ ಬೆಲ್ಟಿನ ಹಲ್ಲುಚಕ್ರವೂ ಆಯಿಲ್ ಪಂಪೂ ಇರುವುದು ಅದೇ ತುದಿಯಲ್ಲಿ. 1989ರಲ್ಲಿ ಬಂದ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಆರ್‌ಬಿ26 ಎಂಜಿನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಆರು ಸಿಲಿಂಡರಿನ ಉದ್ದ ಕ್ರ್ಯಾಂಕಿನ ಮುಂತುದಿ ನೇರವಾಗಿ ಆಯಿಲ್ ಪಂಪಿನ ಗೇರನ್ನು ತಿರುಗಿಸುತ್ತದೆ. ಶಕ್ತಿ ಹೆಚ್ಚಿಸಿ, ವೇಗದ ಮಿತಿಗೆ ಮತ್ತೆ ಮತ್ತೆ ಬಡಿಸಿದ ಎಂಜಿನ್ನುಗಳಲ್ಲಿ ಆ ಗೇರು ಒಡೆದು, ಎಣ್ಣೆಯ ಒತ್ತಡ ನಿಂತುಹೋದ ಪ್ರಕರಣಗಳು ಆ ಕಾರಿನ ಬಳಗದಲ್ಲಿ ಎಲ್ಲರಿಗೂ ಗೊತ್ತು. ಆ ಎಂಜಿನ್ನನ್ನು ಬಲಪಡಿಸುವವರು ಗಟ್ಟಿಯಾದ ಪಂಪಿನ ಜೊತೆಗೆ ಉತ್ತಮ ಡ್ಯಾಂಪರನ್ನೂ ಹಾಕುತ್ತಾರೆಯೇ ಹೊರತು ಇದ್ದುದನ್ನು ಕಿತ್ತುಹಾಕುವುದಿಲ್ಲ.

ಆದ್ದರಿಂದ ನಿಮಗೆ ನನ್ನ ಸಲಹೆ: ಮೂಲ ಪುಲ್ಲಿ ಚೆನ್ನಾಗಿದ್ದರೆ ಅದನ್ನೇ ಇಟ್ಟುಕೊಳ್ಳಿ. ಟರ್ಬೊ ಒತ್ತಡ ಹೆಚ್ಚಿಸಿರುವ ಎಂಜಿನ್ನಿನಲ್ಲಂತೂ ಪ್ರತಿ ಹೊಡೆತವೂ ತಯಾರಕರು ಲೆಕ್ಕ ಹಾಕಿದ್ದಕ್ಕಿಂತ ಬಲವಾಗಿರುತ್ತದೆ. ಅಂಥಲ್ಲಿ ಡ್ಯಾಂಪರ್ ತೆಗೆಯುವುದಕ್ಕೆ ಯಾವ ಸಮರ್ಥನೆಯೂ ನನಗೆ ಕಾಣುವುದಿಲ್ಲ.

ನಿಮ್ಮ ಗೆಳೆಯರ ಮಸ್ಟಾಂಗ್ ಬೇರೆ ರೀತಿಯದು. ಆ 5.0 ಲೀಟರ್ ವಿ8 ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸಮತೋಲನದ ಭಾರದ ಒಂದು ಪಾಲನ್ನು ಮುಂದಿನ ಡ್ಯಾಂಪರಿನಲ್ಲೂ ಹಿಂದಿನ ಫ್ಲೈವೀಲಿನಲ್ಲೂ ಇಟ್ಟಿದ್ದಾರೆ. ಹಳೆಯ ಎಂಜಿನ್ನುಗಳಿಗೆ 28 ಔನ್ಸ್-ಇಂಚು, 1980ರ ದಶಕದ ಆರಂಭದ ನಂತರದವಕ್ಕೆ 50 ಔನ್ಸ್-ಇಂಚು. ಎರಡೂ ಬಗೆಯ ಡ್ಯಾಂಪರುಗಳು ಬೋಲ್ಟಿನ ಜಾಗಕ್ಕೆ ಸರಿಯಾಗಿ ಕೂರುತ್ತವೆ ಎಂಬುದೇ ತೊಂದರೆಯ ಮೂಲ. ತಪ್ಪು ಭಾರದ್ದನ್ನು, ಅಥವಾ ಭಾರವೇ ಇಲ್ಲದ್ದನ್ನು ಹಾಕಿದರೆ ಎಂಜಿನ್ ಮೊದಲ ದಿನವೇ ನಡುಗುತ್ತದೆ, ಮುಖ್ಯ ಬೇರಿಂಗುಗಳು ಸವೆಯುತ್ತವೆ. ಎಂಜಿನ್ನಿನ ವರ್ಷವನ್ನೂ ಫ್ಲೈವೀಲಿನ ಭಾರವನ್ನೂ ಖಚಿತಪಡಿಸಿಕೊಳ್ಳದೆ ಅವರು ಏನನ್ನೂ ಕೊಳ್ಳದಿರಲಿ.

ಪ್ರಶ್ನೆ: ವ್ಯಾಸ ಕಡಿಮೆ ಇರುವ ಅಂಡರ್‌ಡ್ರೈವ್ ಪುಲ್ಲಿ ಹಾಕಿದರೆ ಆಲ್ಟರ್ನೇಟರ್, ಎ.ಸಿ. ಎಲ್ಲವೂ ನಿಧಾನವಾಗಿ ತಿರುಗಿ ಮೈಲೇಜ್ ಹೆಚ್ಚುತ್ತದಂತೆ. ದಿನವೂ ಸಿಲ್ಕ್ ಬೋರ್ಡ್ ದಾಟಿ ಕಚೇರಿಗೆ ಹೋಗುವ ನನಗೆ ಇದು ಉಪಯೋಗವೇ?
ಓದುಗರು, ಬೆಂಗಳೂರು

ಉತ್ತರ: ಉಪಯೋಗವಿಲ್ಲ, ತೊಂದರೆ ಇದೆ. ಕ್ರ್ಯಾಂಕ್ ಪುಲ್ಲಿಯ ವ್ಯಾಸ 150 ಮಿಲಿಮೀಟರ್, ಆಲ್ಟರ್ನೇಟರಿನದು 55 ಎಂದಿಟ್ಟುಕೊಳ್ಳಿ. ಸಿಗ್ನಲ್ಲಿನಲ್ಲಿ ಎಂಜಿನ್ 800 ಸುತ್ತಿನಲ್ಲಿ ನಿಂತಿರುವಾಗ ಆಲ್ಟರ್ನೇಟರ್ ಸುಮಾರು 2180 ಸುತ್ತು ತಿರುಗುತ್ತದೆ. 120 ಮಿಲಿಮೀಟರಿನ ಪುಲ್ಲಿ ಹಾಕಿದರೆ ಅದು 1745ಕ್ಕೆ ಇಳಿಯುತ್ತದೆ. ಕಾರಿನ ಆಲ್ಟರ್ನೇಟರಿನ ಮೇಲೆ ನಮೂದಿಸುವ ಪೂರ್ಣ ಸಾಮರ್ಥ್ಯ 6000 ಸುತ್ತಿನ ಲೆಕ್ಕದ್ದು. 2000 ಸುತ್ತಿನ ಆಸುಪಾಸಿನಲ್ಲಿ ಅದರ ಉತ್ಪಾದನೆ ವೇಗಕ್ಕೆ ತಕ್ಕಂತೆ ಕಡಿದಾಗಿ ಏರಿಳಿಯುವುದರಿಂದ ಅಲ್ಲಿ ನಾನೂರು ಸುತ್ತು ಕಳೆದುಕೊಳ್ಳುವುದು ಸಣ್ಣ ವಿಷಯವಲ್ಲ. ಮಳೆಯ ಸಂಜೆ ಹೆಡ್‌ಲೈಟ್, ವೈಪರ್, ಎ.ಸಿ.ಯ ಬ್ಲೋವರ್, ರೇಡಿಯೇಟರ್ ಫ್ಯಾನ್ ಎಲ್ಲವೂ ಓಡುತ್ತಿರುವಾಗ ಕೊರತೆಯನ್ನು ತುಂಬುವುದು ಬ್ಯಾಟರಿ. ಅರ್ಧ ಗಂಟೆ ತೆವಳಿದ ಮೇಲೆ ಕಾರು ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡುವಾಗ ಅದರ ಪರಿಣಾಮ ಗೊತ್ತಾಗುತ್ತದೆ. ಎ.ಸಿ. ಕಂಪ್ರೆಸರ್ ಕೂಡ ಐದರಲ್ಲಿ ಒಂದು ಪಾಲು ನಿಧಾನವಾಗುವುದರಿಂದ ನಿಂತಲ್ಲಿ ತಂಪು ಸಾಲುವುದಿಲ್ಲ.

ಉಳಿತಾಯದ ವಾದವೂ ಮೇಲುನೋಟಕ್ಕೆ ಕಾಣುವಷ್ಟು ಗಟ್ಟಿಯಲ್ಲ. ಆಲ್ಟರ್ನೇಟರ್ ಎಂಜಿನ್ನಿನಿಂದ ಎಳೆಯುವ ಶಕ್ತಿಯನ್ನು ನಿರ್ಧರಿಸುವುದು ಮುಖ್ಯವಾಗಿ ಕಾರಿನ ವಿದ್ಯುತ್ ಬೇಡಿಕೆ. ದೀಪಗಳಿಗೂ ಫ್ಯಾನಿಗೂ 500 ವ್ಯಾಟ್ ಬೇಕಿದ್ದರೆ, ವೇಗವಾಗಿ ತಿರುಗಿದರೂ ನಿಧಾನವಾಗಿ ತಿರುಗಿದರೂ ಅದು ಆ 500 ವ್ಯಾಟನ್ನು ಕೊಡಲೇಬೇಕು; ಉಳಿಯುವುದು ಬೇರಿಂಗಿನ ಘರ್ಷಣೆ ಮತ್ತು ಒಳಗಿನ ಫ್ಯಾನಿನ ಎಳೆತ ಮಾತ್ರ. ನೀರಿನ ಪಂಪಿನ ಕಥೆ ಬೇರೆ. ಅದು ಎಳೆಯುವ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿರುತ್ತದೆ, ಆದ್ದರಿಂದ ವೇಗ 20 ಪ್ರತಿಶತ ಇಳಿದರೆ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಅದರ ಜೊತೆಗೆ ಎಂಜಿನ್ನಿಗೆ ಹರಿಯುವ ನೀರೂ ಕಡಿಮೆಯಾಗುತ್ತದೆ, ಅದೂ ಗಾಳಿ ಆಡದ ವಾಹನ ದಟ್ಟಣೆಯಲ್ಲಿ. ಹಳೆಯ ಕಾರುಗಳಲ್ಲಿ ದೊಡ್ಡ ಉಳಿತಾಯ ಸಿಗುತ್ತಿದ್ದುದು ಹೈಡ್ರಾಲಿಕ್ ಪವರ್ ಸ್ಟಿಯರಿಂಗ್ ಪಂಪಿನಿಂದ. ಈಗಿನ ಸಣ್ಣ ಕಾರುಗಳಲ್ಲಿ ಸ್ಟಿಯರಿಂಗಿಗೆ ವಿದ್ಯುತ್ ಮೋಟಾರು ಇರುವುದರಿಂದ ಆ ಪಂಪೇ ಬೆಲ್ಟಿನ ಮೇಲಿಲ್ಲ. ಬೆಲ್ಟಿನ ಹೊರೆಯನ್ನು ತಗ್ಗಿಸುವ ಕೆಲಸವನ್ನು ತಯಾರಕರೇ ಬಹಳ ದೂರ ಕೊಂಡೊಯ್ದಿದ್ದಾರೆ. 2009ರ ಟೊಯೊಟಾ ಪ್ರಿಯಸ್‌ನ ಎಂಜಿನ್ನಿಗೆ ಹೊರಗಿನ ಬೆಲ್ಟೇ ಇರಲಿಲ್ಲ.

ಇಷ್ಟಾಗಿಯೂ ಹಾಕಿಸುವವರು ಬೆಲ್ಟನ್ನೂ ಬದಲಿಸಬೇಕು. ಬೆಲ್ಟಿನ ಬೆನ್ನ ಮೇಲೆ 6ಪಿಕೆ1750 ಎಂದಿದ್ದರೆ ಆರು ಏಣುಗಳು, 1750 ಮಿಲಿಮೀಟರ್ ಉದ್ದ ಎಂದರ್ಥ. ಪುಲ್ಲಿಯ ವ್ಯಾಸ 30 ಮಿಲಿಮೀಟರ್ ಕಡಿಮೆಯಾಗಿ, ಬೆಲ್ಟ್ ಅದರ ಅರ್ಧ ಸುತ್ತನ್ನು ಅಪ್ಪಿದ್ದರೆ, ಬೇಕಾದ ಉದ್ದ ಸುಮಾರು 47 ಮಿಲಿಮೀಟರ್ ತಗ್ಗುತ್ತದೆ. ಹಳೆಯ ಬೆಲ್ಟನ್ನೇ ಬಿಟ್ಟರೆ ಟೆನ್ಷನರ್ ತನ್ನ ಕೊನೆಯ ಮಿತಿಗೆ ಹೋಗಿ ನಿಲ್ಲುತ್ತದೆ, ಬೆಲ್ಟ್ ಜಾರಿ ಕಿರುಚುತ್ತದೆ.

ಪ್ರಶ್ನೆ: ಎರಡು ಲಕ್ಷ ಕಿಲೋಮೀಟರ್ ದಾಟಿದ ನಮ್ಮ ಡೀಸೆಲ್ ಗಾಡಿಯ ಪುಲ್ಲಿಯ ರಬ್ಬರ್ ಬಿರುಕು ಬಿಟ್ಟಿದೆ. ಮೆಕ್ಯಾನಿಕ್ ಎರಡು ದಾರಿ ಹೇಳುತ್ತಿದ್ದಾರೆ: ಹೊರಬಳೆಯನ್ನು ಒಳಗಿನ ಹಬ್ಬಿಗೆ ವೆಲ್ಡ್ ಮಾಡಿಸುವುದು, ಇಲ್ಲವೇ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಕಡಿಮೆ ಬೆಲೆಯ ಪುಲ್ಲಿ ತರಿಸುವುದು. ಯಾವುದು ಸರಿ?
ಓದುಗರು, ದಾವಣಗೆರೆ

ಉತ್ತರ: ವೆಲ್ಡಿಂಗ್ ಖಂಡಿತ ಬೇಡ. ಬಳೆಯನ್ನು ಹಬ್ಬಿಗೆ ಬೆಸೆದ ಕ್ಷಣದಿಂದ ಅದು ಡ್ಯಾಂಪರ್ ಆಗಿ ಉಳಿಯುವುದಿಲ್ಲ, ಕ್ರ್ಯಾಂಕಿನ ತುದಿಗೆ ಕಟ್ಟಿದ ಸತ್ತ ಭಾರವಾಗುತ್ತದೆ. ಹಗುರ ಪುಲ್ಲಿಗಿಂತಲೂ ಇದು ಕೆಟ್ಟದ್ದು, ಏಕೆಂದರೆ ತುದಿಯಲ್ಲಿ ಗಟ್ಟಿಯಾಗಿ ಕೂತ ಭಾರವು ಕ್ರ್ಯಾಂಕಿನ ಸಹಜ ಆವೃತ್ತಿಯನ್ನು ಇನ್ನಷ್ಟು ಕೆಳಕ್ಕೆ, ಅಂದರೆ ನೀವು ದಿನವೂ ಓಡಿಸುವ ವೇಗದತ್ತ ಎಳೆಯುತ್ತದೆ. ವೆಲ್ಡಿಂಗಿನ ಬಿಸಿಗೆ ಬಳೆ ಸೊಟ್ಟಗಾಗುವುದೂ ಉಂಟು. ಡೀಸೆಲ್ ಎಂಜಿನ್ನಿನ ಸಿಲಿಂಡರಿನೊಳಗಿನ ಗರಿಷ್ಠ ಒತ್ತಡ ಇಂದಿನ ಗಾಡಿಗಳಲ್ಲಿ 150 ಬಾರ್ ದಾಟುತ್ತದೆ, ಸಾಧಾರಣ ಪೆಟ್ರೋಲ್ ಎಂಜಿನ್ನಿನ ಸುಮಾರು ಎರಡರಷ್ಟು. ತಿರುಚುವ ಹೊಡೆತವೂ ಅದಕ್ಕೆ ತಕ್ಕಂತೆ ದೊಡ್ಡದು. ಡ್ಯಾಂಪರ್ ಇಲ್ಲದೆ ಓಡಿಸಲು ಎಲ್ಲಕ್ಕಿಂತ ಕಡಿಮೆ ಯೋಗ್ಯವಾದ ಎಂಜಿನ್ ಎಂದರೆ ಡೀಸೆಲ್.

ಪುಲ್ಲಿ ಎಷ್ಟು ಕೆಟ್ಟಿದೆ ಎಂಬುದನ್ನು ಬಿಚ್ಚದೆಯೇ ನೋಡಬಹುದು. ಎಂಜಿನ್ ನಿಲ್ಲಿಸಿ, ತಣಿದ ಮೇಲೆ, ಪುಲ್ಲಿಯ ಮುಖವನ್ನು ಬಟ್ಟೆಯಿಂದ ಒರೆಸಿ, ಒಳಗಿನ ಹಬ್ಬಿನಿಂದ ರಬ್ಬರನ್ನು ದಾಟಿ ಹೊರಬಳೆಯ ಅಂಚಿನ ತನಕ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಕೆಲವು ದಿನ ಓಡಿಸಿ ಮತ್ತೆ ನೋಡಿ. ಗೆರೆ ರಬ್ಬರಿನ ಬಳಿ ತುಂಡಾಗಿ, ಹೊರಗಿನ ಅರ್ಧ ಅತ್ತ ಸರಿದಿದ್ದರೆ ಬಳೆ ಜಾರುತ್ತಿದೆ ಎಂದು ತಿಳಿಯಿರಿ. ಟೈಮಿಂಗ್ ಗುರುತು ಹೊರಬಳೆಯ ಮೇಲಿದ್ದರೆ ಆ ಗುರುತನ್ನೂ ಇನ್ನು ನಂಬುವಂತಿಲ್ಲ. ಆಮೇಲೆ ಎಂಜಿನ್ ಐಡ್ಲಿಂಗಿನಲ್ಲಿರುವಾಗ, ಕೈ ಮತ್ತು ಬಟ್ಟೆ ದೂರವಿಟ್ಟು, ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿ. ಒಳಭಾಗ ನೇರವಾಗಿ ತಿರುಗುತ್ತಿದ್ದು ಹೊರಬಳೆ ಮಾತ್ರ ಹಾವಿನ ನಡೆಯಂತೆ ಒಳಗೂ ಹೊರಗೂ ಓಲಾಡುತ್ತಿದ್ದರೆ, ರಬ್ಬರ್ ಅಂಚಿನಿಂದ ನಾಲಗೆಯಂತೆ ಹೊರಚಾಚಿದ್ದರೆ, ಆ ಪುಲ್ಲಿಯನ್ನು ಬದಲಿಸುವ ತನಕ ದೂರದ ಪ್ರಯಾಣ ಬೇಡ. ಬಳೆ ಕಳಚಿ ಹಾರಿದರೆ ಬೆಲ್ಟ್, ರೇಡಿಯೇಟರ್ ಎರಡಕ್ಕೂ ಪೆಟ್ಟು ಬೀಳುತ್ತದೆ. ಮುಂದಿನ ಕ್ರ್ಯಾಂಕ್ ಸೀಲಿನಿಂದ ಎಣ್ಣೆ ಜಿನುಗುತ್ತಿದೆಯೇ ಎಂದೂ ನೋಡಿಸಿ. ಎಣ್ಣೆ ತಾಗಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಹೊಸ ಪುಲ್ಲಿಯೂ ಅದೇ ಗತಿಗೆ ಹೋಗುತ್ತದೆ.

ಇನ್ನು ಕಡಿಮೆ ಬೆಲೆಯದರ ವಿಚಾರ. ಎಲ್ಲ ಬದಲಿ ಭಾಗಗಳೂ ಕಳಪೆಯಲ್ಲ. ವಾಹನ ತಯಾರಕರಿಗೇ ಡ್ಯಾಂಪರ್ ಪೂರೈಸುವ ಕಾರ್ಖಾನೆಗಳು ತಮ್ಮ ಹೆಸರಿನಲ್ಲೂ ಅದನ್ನೇ ಮಾರುತ್ತವೆ, ಅದನ್ನು ಧೈರ್ಯವಾಗಿ ಕೊಳ್ಳಬಹುದು. ಭಯಪಡಬೇಕಾದದ್ದು ನೋಡಲು ಒಂದೇ ರೀತಿ ಇದ್ದು, ಬಳೆಯ ಭಾರದಲ್ಲೂ ರಬ್ಬರಿನ ಗುಣದಲ್ಲೂ ಬೇರೆಯಾಗಿರುವ ನಕಲುಗಳಿಗೆ. ಅಂಗಡಿಯ ತಕ್ಕಡಿಯಲ್ಲಿ ಹಳೆಯದನ್ನೂ ಹೊಸದನ್ನೂ ಇಟ್ಟು ತೂಗಿಸಿ. ಗಮನಾರ್ಹ ವ್ಯತ್ಯಾಸ ಕಂಡರೆ, ಅಥವಾ ರಬ್ಬರಿನ ಜಾಗದಲ್ಲಿ ಬರೀ ಕಪ್ಪು ಬಣ್ಣ ಬಳಿದ ತೋಡು ಇದ್ದರೆ, ಹಿಂದಿರುಗಿಸಿ. ತೂಕ ಒಂದೇ ಆದ ಮಾತ್ರಕ್ಕೆ ಪುಲ್ಲಿ ಸರಿಯಾದದ್ದು ಎಂದಾಗುವುದಿಲ್ಲ, ಆದರೆ ತೂಕ ಬೇರೆಯಾಗಿದ್ದರೆ ತಪ್ಪಾದದ್ದು ಎಂದು ಧಾರಾಳವಾಗಿ ಹೇಳಬಹುದು. ಕ್ರ್ಯಾಂಕ್ ಕೆಲಸಕ್ಕೆ ಎಂಜಿನ್ ಇಳಿಸುವ ಖರ್ಚಿನ ಮುಂದೆ ಅಸಲಿ ಪುಲ್ಲಿಯ ಬೆಲೆ ಏನೂ ಅಲ್ಲ.

ಪ್ರಶ್ನೆ: ಹೊಸ ಬಿಎಸ್6 ಕಾರಿಗೆ ಹಗುರ ಪುಲ್ಲಿ ಹಾಕಿಸಿದರೆ ವಾರಂಟಿ ಹೋಗುತ್ತದೆಯೇ?
ಓದುಗರು, ಉಡುಪಿ

ಉತ್ತರ: ನಿಮ್ಮ ವಾರಂಟಿ ಪುಸ್ತಕದಲ್ಲಿ ಅನಧಿಕೃತ ಮಾರ್ಪಾಡಿನ ಷರತ್ತನ್ನು ಓದಿ. ಕ್ರ್ಯಾಂಕ್, ಬೇರಿಂಗ್, ಬೆಲ್ಟಿಗೆ ಸಂಬಂಧಿಸಿದ ಯಾವ ದೋಷ ಬಂದರೂ ಮೊದಲು ಬೆರಳು ತೋರಿಸುವುದು ಪುಲ್ಲಿಯ ಕಡೆಗೇ. ಅಮೆರಿಕದಲ್ಲಿರುವ ಓದುಗರಿಗೆ 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಸ್ವಲ್ಪ ರಕ್ಷಣೆ ಇದೆ: ಹೊರಗಿನ ಭಾಗ ಹಾಕಿದ ಮಾತ್ರಕ್ಕೆ ಇಡೀ ವಾರಂಟಿಯನ್ನು ನಿರಾಕರಿಸುವಂತಿಲ್ಲ, ಆ ಭಾಗದಿಂದಲೇ ಹಾನಿಯಾಗಿದ್ದರೆ ಆ ಹಾನಿಯನ್ನು ನಿರಾಕರಿಸಬಹುದು. ಹಗುರ ಪುಲ್ಲಿ ಬೇಡ ಎನ್ನಲು ಇನ್ನೊಂದು ತಾಂತ್ರಿಕ ಕಾರಣವೂ ಇದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಕಾರುಗಳ ಕಂಪ್ಯೂಟರ್ ಕ್ರ್ಯಾಂಕಿನ ವೇಗದ ಸೂಕ್ಷ್ಮ ಏರಿಳಿತವನ್ನು ಅಳೆದು ಮಿಸ್‌ಫೈರ್ (ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯದಿರುವುದು) ಪತ್ತೆ ಮಾಡುತ್ತದೆ. ಆ ಏರಿಳಿತದ ಸ್ವರೂಪವನ್ನೇ ಬದಲಿಸಿದರೆ ಇಲ್ಲದ ದೋಷಕ್ಕೂ ಎಂಜಿನ್ ದೀಪ ಹೊತ್ತಿಕೊಳ್ಳಬಹುದು. ಕೆಲವು ಕಾರುಗಳಲ್ಲಿ ಸೆನ್ಸರ್ ಓದುವ ಹಲ್ಲುಚಕ್ರ ಪುಲ್ಲಿಯ ಮೇಲೆಯೇ ಇರುತ್ತದೆ ಎಂಬುದೂ ನೆನಪಿರಲಿ.

ಪ್ರಶ್ನೆ: ನಾವು ರ‍್ಯಾಲಿಗಾಗಿ ಒಂದು ಪೆಟ್ರೋಲ್ ಕಾರನ್ನು ಸಜ್ಜು ಮಾಡುತ್ತಿದ್ದೇವೆ. ಪಿಸ್ಟನ್, ಕನೆಕ್ಟಿಂಗ್ ರಾಡ್, ಫ್ಲೈವೀಲ್ ಎಲ್ಲವನ್ನೂ ಹಗುರ ಮಾಡಿದ್ದೇವೆ, ವೇಗದ ಮಿತಿಯನ್ನೂ ಏರಿಸಿದ್ದೇವೆ. ನಮಗಾದರೂ ಹೊರಗಿನ ಪುಲ್ಲಿ ಸೂಕ್ತವೇ?
ಓದುಗರು, ಚಿಕ್ಕಮಗಳೂರು

ಉತ್ತರ: ಹೌದು, ಹೊರಗಿನ ಡ್ಯಾಂಪರನ್ನು ಮನಃಪೂರ್ವಕ ಸೂಚಿಸಬಹುದಾದ ಸಂದರ್ಭ ನಿಮ್ಮದೇ. ಮೂಲ ಡ್ಯಾಂಪರನ್ನು ಮೂಲ ಪಿಸ್ಟನ್, ರಾಡ್, ಫ್ಲೈವೀಲುಗಳ ಲೆಕ್ಕದಲ್ಲಿ ಹೊಂದಿಸಿರುತ್ತಾರೆ. ಅವನ್ನೆಲ್ಲ ಬದಲಿಸಿದಾಗ ಕ್ರ್ಯಾಂಕಿನ ಆವೃತ್ತಿ ಸರಿಯುತ್ತದೆ, ಎಂಜಿನ್ ಹಿಂದೆಂದೂ ಮುಟ್ಟದಿದ್ದ ವೇಗಕ್ಕೂ ಹೋಗುತ್ತದೆ. ಸ್ಪರ್ಧೆಗೆಂದೇ ಮಾಡಿದ ಡ್ಯಾಂಪರುಗಳಲ್ಲಿ ಎರಡು ಬಗೆ. ಒಂದರಲ್ಲಿ ಮುಚ್ಚಿದ ಕೋಶದೊಳಗೆ ಉಕ್ಕಿನ ಬಳೆಯೊಂದು ದಪ್ಪ ಸಿಲಿಕೋನ್ ದ್ರವದಲ್ಲಿ ತೇಲುತ್ತದೆ. ಒಂದೇ ಆವೃತ್ತಿಗೆ ಕಟ್ಟುಬೀಳದೆ ವಿಶಾಲ ವ್ಯಾಪ್ತಿಯಲ್ಲಿ ಕೆಲಸ ಮಾಡುವುದು ಅದರ ಗುಣ. ಆದರೆ ಹೊರಕವಚಕ್ಕೆ ಸುತ್ತಿಗೆಯ ಏಟು ಬಿದ್ದು ತಗ್ಗಾದರೆ ಒಳಗಿನ ಬಳೆ ಸಿಕ್ಕಿಕೊಳ್ಳಬಹುದು, ಆಗ ಅದನ್ನು ಎಸೆಯಬೇಕಾಗುತ್ತದೆ. ಇನ್ನೊಂದರಲ್ಲಿ ರಬ್ಬರಿನ ಉಂಗುರಗಳಿರುತ್ತವೆ. ಅವುಗಳ ಗಡಸನ್ನು ಎಂಜಿನ್ನಿಗೆ ತಕ್ಕಂತೆ ಬದಲಿಸಬಹುದು, ಹಳತಾದಾಗ ಹೊಸದು ಹಾಕಬಹುದು. ಯಾವುದನ್ನೇ ಕೊಂಡರೂ ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ 18.1 ಗುರುತು ಇದೆಯೇ ಎಂದು ನೋಡಿ. ಅತಿವೇಗದಲ್ಲಿ ಸಿಡಿಯದಿರುವ ಬಗ್ಗೆ ಸ್ಪರ್ಧಾ ಡ್ಯಾಂಪರುಗಳಿಗೆ ಇರುವ ಮಾನದಂಡ ಅದು. ನಿಮ್ಮ ವರ್ಗದಲ್ಲಿ ಈ ಬದಲಾವಣೆಗೆ ಅನುಮತಿ ಇದೆಯೇ ಎಂಬುದನ್ನು ಭಾರತದ ಮೋಟಾರು ಕ್ರೀಡೆಗಳ ಒಕ್ಕೂಟವಾದ ಎಫ್‌ಎಂಎಸ್‌ಸಿಐ ನಿಯಮಾವಳಿಯಲ್ಲಿ ಮೊದಲೇ ಖಚಿತಪಡಿಸಿಕೊಳ್ಳಿ.

ಸಣ್ಣ ವ್ಯಾಸದ ಪುಲ್ಲಿಗೂ ಸ್ಪರ್ಧೆಯಲ್ಲಿ ಅರ್ಥವಿದೆ. ಗಂಟೆಗಟ್ಟಲೆ 7000 ಸುತ್ತಿನ ಮೇಲೆ ಓಡುವ ಎಂಜಿನ್ನಿನಲ್ಲಿ ನೀರಿನ ಪಂಪ್ ಅತಿವೇಗಕ್ಕೆ ಗುಳ್ಳೆ ಎಬ್ಬಿಸಿ ನೀರು ತಳ್ಳದಂತಾಗುತ್ತದೆ, ಸ್ಟಿಯರಿಂಗ್ ಪಂಪಿನ ಎಣ್ಣೆ ಕುದಿಯುತ್ತದೆ. ಅಲ್ಲಿ ಅವನ್ನು ನಿಧಾನಗೊಳಿಸುವುದು ಅಗತ್ಯವೇ ಆಗಬಹುದು. ಮಲೆನಾಡಿನ ಎಸ್ಟೇಟ್ ರಸ್ತೆಗಳ ರ‍್ಯಾಲಿಯಲ್ಲಿ ಎಂಜಿನ್ ವೇಗ ಏರುತ್ತಾ ಇಳಿಯುತ್ತಾ ಇರುವುದರಿಂದ ನಿಮಗೆ ಅದರ ಅಗತ್ಯ ಕಡಿಮೆ. ಜೊತೆಗೆ ಕೆಂಪುಧೂಳು ಬೆಲ್ಟಿನ ಏಣುಗಳೊಳಗೆ ಸೇರಿ ಅಲ್ಯೂಮಿನಿಯಂ ತೋಡುಗಳನ್ನು ಉಕ್ಕಿಗಿಂತ ಬೇಗ ಸವೆಸುತ್ತದೆ. ಪ್ರತಿ ರ‍್ಯಾಲಿಯ ನಂತರ ಬೆಲ್ಟ್ ತೆಗೆದು ಬೆರಳಾಡಿಸಿ ನೋಡಿ.

ಜೋಡಣೆಯಲ್ಲಿ ಎಚ್ಚರ ತಪ್ಪಿದರೆ ಅತ್ಯುತ್ತಮ ಡ್ಯಾಂಪರೂ ಉಪಯೋಗಕ್ಕೆ ಬರುವುದಿಲ್ಲ. ಪುಲ್ಲಿ ಬಿಚ್ಚುವಾಗ ಪುಲ್ಲರಿನ ಕೊಕ್ಕೆಗಳನ್ನು ಹೊರಬಳೆಗೆ ಸಿಕ್ಕಿಸಿ ಎಳೆಯಬೇಡಿ, ರಬ್ಬರ್ ಕಿತ್ತುಬರುತ್ತದೆ. ಹಬ್ಬಿನಲ್ಲಿರುವ ರಂಧ್ರಗಳಿಗೆ ಬೋಲ್ಟ್ ಹಾಕಿ ಎಳೆಯಿರಿ. ಕೂರಿಸುವಾಗ ಸುತ್ತಿಗೆ ಬಳಸಬೇಡಿ. ಕ್ರ್ಯಾಂಕ್ ಬೋಲ್ಟನ್ನು ಸರ್ವಿಸ್ ಕೈಪಿಡಿಯ ಬಿಗಿತಕ್ಕೆ ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಕೋನ ಅಳೆದು ಬಿಗಿಯುವ ಬೋಲ್ಟ್ ಆಗಿದ್ದು ಕೈಪಿಡಿ ಹೊಸದನ್ನು ಹೇಳಿದ್ದರೆ ಹೊಸದನ್ನೇ ಹಾಕಿ. 1990ರ ಆಸುಪಾಸಿನ ಮೊದಲ ಮಾಜ್ದಾ ಮಿಯಾಟಾ ಕಾರುಗಳಲ್ಲಿ ಈ ಒಂದು ಬೋಲ್ಟಿನ ಸಡಿಲಿಕೆಯಿಂದ ಕೀಲಿಯ (ಶಾಫ್ಟಿನ ಮೇಲೆ ಜಾರದಂತೆ ಹಿಡಿಯುವ ಸಣ್ಣ ಲೋಹದ ತುಂಡಿನ) ತೋಡು ಸವೆದು ಕ್ರ್ಯಾಂಕೇ ನಿರುಪಯೋಗಿಯಾದದ್ದುಂಟು. ಫೋರ್ಡ್ ಮತ್ತು ಮಾಜ್ದಾದ ಕೆಲವು ಎಂಜಿನ್ನುಗಳಲ್ಲಿ ಪುಲ್ಲಿಗೂ ಕ್ರ್ಯಾಂಕಿಗೂ ನಡುವೆ ಕೀಲಿಯೇ ಇಲ್ಲ, ಬೋಲ್ಟಿನ ಬಿಗಿತವೊಂದೇ ಟೈಮಿಂಗ್ ಹಲ್ಲುಚಕ್ರವನ್ನೂ ಹಿಡಿದಿರುತ್ತದೆ. ಅಂಥ ಎಂಜಿನ್ನಿನ ಬೋಲ್ಟ್ ಸಡಿಲಿಸುವ ಮೊದಲು ಕ್ರ್ಯಾಂಕನ್ನೂ ಕ್ಯಾಮನ್ನೂ ಲಾಕ್ ಮಾಡುವ ಉಪಕರಣ ಕೈಯಲ್ಲಿರಬೇಕು. ಇಲ್ಲದಿದ್ದರೆ ಮರಳಿ ಸ್ಟಾರ್ಟ್ ಮಾಡಿದಾಗ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿಯುವ ಅಪಾಯವಿದೆ.